ತಲೆಬಾಗಿಲ ಕಾವಲು

ಮೈಸೂರಿನ ಸರಸ್ವತಿಪುರದ ಆ ಮನೆಯಲ್ಲಿ ಇದ್ದ ಗಣಕಯಂತ್ರ ಒಂದೇ. ಅದರೊಳಗೆ ಬಿಡಾರ ಹೂಡಿದ್ದವರು ಮಾತ್ರ ಇಬ್ಬರು. ಹಿಂದಿನ ಕಾಲದ ವಠಾರಗಳನ್ನು ಕಂಡವರಿಗೆ ಇದರಲ್ಲಿ ಅಚ್ಚರಿಯೇನೂ ತೋರದು. ತಲೆಬಾಗಿಲು ಒಂದು, ಅಂಗಳ ಒಂದು, ಬಾವಿ ಒಂದು. ಒಳಗೆ ಹೋದರೆ ಎಡಗಡೆಯ ಒಲೆ ಬೇರೆ, ಬಲಗಡೆಯ ಒಲೆ ಬೇರೆ. ಒಬ್ಬರ ಮನೆಯ ಸಾರಿಗೂ ಇನ್ನೊಬ್ಬರ ಮನೆಯ ಸಾರಿಗೂ ಸಂಬಂಧವಿಲ್ಲ. ಆದರೂ ರಾತ್ರಿ ಆ ಒಂದು ತಲೆಬಾಗಿಲಿಗೆ ಅಗುಳಿ ಹಾಕುವವರು ಯಾರು, ಬೆಳಗಿನ ಜಾವ ಅದನ್ನು ತೆಗೆಯುವವರು ಯಾರು ಎಂಬ ವಿಷಯದಲ್ಲಿ ವಠಾರಗಳಲ್ಲಿ ಮನಸ್ತಾಪ ತಪ್ಪುತ್ತಿರಲಿಲ್ಲ. ಒಳಗಿನ ಒಡವೆ ಎಷ್ಟೇ ಭದ್ರವಾಗಿರಲಿ, ಬಾಗಿಲು ತೆರೆಯದಿದ್ದರೆ ಇದ್ದೂ ಇಲ್ಲದಂತೆಯೇ ಸರಿ. ಈ ಮಾತಿನ ಅರ್ಥ ಆ ಮನೆಯ ರಾಯರಿಗೆ ತಮ್ಮ ಎಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ತಿಳಿಯಬೇಕಾಗಿದ್ದಿತು.

ರಾಯರು ಪ್ರೌಢಶಾಲೆಯ ಮುಖ್ಯೋಪಾಧ್ಯಾಯರಾಗಿ ನಿವೃತ್ತರಾದವರು. ಬೆಂಗಳೂರಿನಲ್ಲಿರುವ ಮಗ 2014ರಲ್ಲಿ ಆ ಯಂತ್ರವನ್ನು ಕೊಂಡು ತಂದು ಮೇಜಿನ ಮೇಲೆ ಸ್ಥಾಪಿಸಿದಾಗ ಅವರಿಗೆ ಅದೊಂದು ಅನಗತ್ಯ ಆಡಂಬರವೆಂದೇ ತೋರಿದ್ದಿತು. ಆದರೆ ಕನ್ನಡ ಗಣಕ ಪರಿಷತ್ತಿನವರು ರೂಪಿಸಿದ ‘ನುಡಿ’ ತಂತ್ರಾಂಶದಲ್ಲಿ ಕೀಲಿ ಒತ್ತಿದಂತೆಲ್ಲ ಕನ್ನಡ ಅಕ್ಷರಗಳು ಸಾಲುಗಟ್ಟುವುದನ್ನು ಕಂಡ ಮೇಲೆ ಅವರ ಮನಸ್ಸು ಕರಗಿತು. ಅವರ ಮಡದಿಗೆ ಹಾಡುಗಳೆಂದರೆ ಪ್ರಾಣ. ಹಸೆಗೆ ಕರೆಯುವ ಹಾಡು, ಎಣ್ಣೆಶಾಸ್ತ್ರದ ಹಾಡು, ಉರುಟಣೆಯ ಹಾಡು, ಆರತಿಯ ಹಾಡು, ತೊಟ್ಟಿಲ ಹಾಡು ಎಂದು ತಾಯಿಯಿಂದ ಕಲಿತವು, ಅತ್ತೆಯಿಂದ ಕಲಿತವು ನೂರಕ್ಕೆ ಮೇಲ್ಪಟ್ಟು ಆಕೆಗೆ ಕಂಠಪಾಠವಾಗಿದ್ದವು. ಪುಸ್ತಕದಲ್ಲಿ ಒಂದೂ ಇರಲಿಲ್ಲ. ಮಧ್ಯಾಹ್ನದ ಹೊತ್ತು ಆಕೆ ಮಗ್ಗುಲಲ್ಲಿ ಕುಳಿತು ಹುರುಳಿಕಾಯಿ ಸೋಸುತ್ತ ಒಂದೊಂದೇ ಚರಣ ಹೇಳುವಳು. ರಾಯರು ಎರಡು ಬೆರಳಿನಲ್ಲಿ ಕುಟ್ಟುವರು. “ಅಲ್ಲಿ ‘ಬಾರೆ’ ಅಲ್ಲ, ‘ಬಾರೇ’ ಅಂತ ಎಳೆಯಬೇಕು” ಎಂದು ಆಕೆ ತಿದ್ದಿದರೆ, ನಲವತ್ತು ವರ್ಷ ಪರರನ್ನು ತಿದ್ದಿದ್ದ ಕೈ ಮರುಮಾತಿಲ್ಲದೆ ತಿದ್ದಿಕೊಳ್ಳುತ್ತಿದ್ದಿತು. 2019ರಲ್ಲಿ ಆಕೆ ತೀರಿಕೊಂಡಳು. ಹಾಡುಗಳು ಯಂತ್ರದಲ್ಲಿ ಉಳಿದವು.

ಯಂತ್ರದಲ್ಲಿ ಮೊದಲಿನಿಂದ ಒಕ್ಕಲಿದ್ದುದು ವಿಂಡೋಸ್. ಕಾಲಕ್ರಮದಲ್ಲಿ ಅದು ವಿಂಡೋಸ್ 10 ಆಯಿತು. 2025ರ ಅಕ್ಟೋಬರ್ 14ರಂದು ಅದಕ್ಕೆ ದೊರೆಯುತ್ತಿದ್ದ ಸಾಮಾನ್ಯ ಬೆಂಬಲ ಮುಗಿಯಿತು. ಅದರ ಮುಂದಿನ ಅವತಾರವಾದ ವಿಂಡೋಸ್ 11 ಬಯಸುವ ಭದ್ರತೆಯ ಬಿಡಿಭಾಗವಾಗಲಿ, ಹೊಸ ತಲೆಮಾರಿನ ಪ್ರೊಸೆಸರಾಗಲಿ ರಾಯರ ಯಂತ್ರದಲ್ಲಿರಲಿಲ್ಲ. ದೀಪಾವಳಿಯ ರಜೆಗೆ ಬಂದ ಮೊಮ್ಮಗಳು, ಇಂಜಿನಿಯರಿಂಗ್ ಎರಡನೆಯ ವರ್ಷದ ವಿದ್ಯಾರ್ಥಿನಿ, ಒಂದು ಉಪಾಯ ಸೂಚಿಸಿದಳು.

“ತಾತ, ಬ್ಯಾಂಕು, ಪತ್ರಿಕೆ, ಇಂಟರ್‌ನೆಟ್ಟಿನ ಕೆಲಸಕ್ಕೆಲ್ಲ ಲಿನಕ್ಸ್ ಹಾಕಿಕೊಡುತ್ತೇನೆ. ವಿಂಡೋಸ್ ಹಾಗೇ ಇರಲಿ. ಅದನ್ನು ಇಂಟರ್‌ನೆಟ್ಟಿಗೆ ಸೇರಿಸದೆ ಅಜ್ಜಿಯ ಹಾಡಿಗೆ ಮಾತ್ರ ಇಟ್ಟುಕೊಳ್ಳಿ.”

ಹಾಡುಗಳನ್ನು ಲಿನಕ್ಸಿನಲ್ಲಿಯೇ ತೆರೆಯಬಾರದೆ ಎಂದು ಕೇಳಿದರು ರಾಯರು. ಅವು ಹಳೆಯ ಪದ್ಧತಿಯ ಅಕ್ಷರಗಳಲ್ಲಿದ್ದವು. ನುಡಿಯ ಅಕ್ಷರಶೈಲಿ ಇಲ್ಲದ ಕಡೆ ಆ ಬರಹ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣುವುದು. ಯೂನಿಕೋಡಿಗೆ ಪರಿವರ್ತಿಸಲು ಸಾಧನಗಳಿದ್ದರೂ ಒತ್ತಕ್ಷರ, ದೀರ್ಘಗಳನ್ನು ಒಂದೊಂದಾಗಿ ನೋಡಿ ತಿದ್ದಬೇಕು. ಅದಕ್ಕೆ ರಾಯರಿಗೆ ಆಗ ಮನಸ್ಸು ಬರಲಿಲ್ಲ. ಹೀಗೆ ಒಂದು ಮನೆಗೆ ಎರಡು ಬಿಡಾರಗಳಾದವು.

ಎರಡು ಬಿಡಾರವಾದ ಮೇಲೆ ತಲೆಬಾಗಿಲಲ್ಲಿ ಒಬ್ಬ ಕಾವಲುಗಾರ ಬೇಕು. ಯಂತ್ರಕ್ಕೆ ವಿದ್ಯುತ್ತು ಹರಿದೊಡನೆ ಒಂದು ವಿಚಿತ್ರ ಸಮಸ್ಯೆ ಏಳುತ್ತದೆ. ಯಾವ ಕೆಲಸ ಮಾಡಬೇಕಾದರೂ ಅದಕ್ಕೆ ತಕ್ಕ ತಂತ್ರಾಂಶ ಸ್ಮೃತಿಯಲ್ಲಿರಬೇಕು. ತಂತ್ರಾಂಶವನ್ನು ಡಿಸ್ಕಿನಿಂದ ಸ್ಮೃತಿಗೆ ತರುವುದೂ ಒಂದು ಕೆಲಸವೇ. ಹಾಗಾದರೆ ಮೊದಲನೆಯದನ್ನು ತರುವವರು ಯಾರು? ತನ್ನ ಬೂಟಿನ ಪಟ್ಟಿಯನ್ನು ತಾನೇ ಹಿಡಿದು ತನ್ನನ್ನು ಮೇಲಕ್ಕೆತ್ತಿಕೊಳ್ಳುವ ಸಾಹಸದ ಬಗ್ಗೆ ಇಂಗ್ಲಿಷಿನಲ್ಲೊಂದು ನುಡಿಗಟ್ಟುಂಟು. ಯಂತ್ರ ಏಳುವುದಕ್ಕೆ ‘ಬೂಟ್’ ಎಂಬ ಹೆಸರು ಬಂದುದು ಅದರಿಂದಲೇ. ಇಂಗ್ಲಿಷ್ ಪಾಠ ಮಾಡಿದ್ದ ರಾಯರಿಗೆ ಇದು ಬಹಳ ಹಿಡಿಸಿತು. ಯಂತ್ರದ ಮುಖ್ಯ ಫಲಕದ ಚಿಪ್ಪಿನೊಳಗೆ ಕಾರ್ಖಾನೆಯಲ್ಲಿಯೇ ಬರೆದಿಟ್ಟ ಒಂದು ಪುಟ್ಟ ತಂತ್ರಾಂಶ ಮೊದಲು ಎಚ್ಚರಗೊಳ್ಳುತ್ತದೆ. ಅದು ಬೂಟ್ ಲೋಡರ್ ಎಂಬ ಇನ್ನೊಂದನ್ನು ಡಿಸ್ಕಿನಲ್ಲಿ ಹುಡುಕಿ ಎಬ್ಬಿಸುತ್ತದೆ. ಬೂಟ್ ಲೋಡರ್ “ಯಾರ ಬಿಡಾರಕ್ಕೆ?” ಎಂದು ಕೇಳಿ, ವಿಂಡೋಸನ್ನೋ ಲಿನಕ್ಸನ್ನೋ ಸ್ಮೃತಿಗೆ ತಂದಿಳಿಸಿ, ಅಧಿಕಾರ ಒಪ್ಪಿಸಿ, ತಾನು ತೆರೆಮರೆಗೆ ಸರಿಯುತ್ತದೆ. ಅದರ ಸೇವೆ ಕೆಲವೇ ಕ್ಷಣಗಳದು. ಆ ಕ್ಷಣಗಳಲ್ಲಿ ಮಾತ್ರ ಮನೆಯೆಲ್ಲ ಅದರ ಕೈಯಲ್ಲಿ.

ಲಿನಕ್ಸ್ ತನ್ನೊಡನೆ ಕರೆತಂದ ಕಾವಲುಗಾರನ ಹೆಸರು ಗ್ರಬ್. ಕಪ್ಪು ಪರದೆಯ ಮೇಲೆ ಬಿಳಿಯ ಅಕ್ಷರದ ಪಟ್ಟಿ. ಮೊದಲ ಸಾಲು ಲಿನಕ್ಸ್, ಕೆಳಗೆಲ್ಲೋ ವಿಂಡೋಸ್. ಹತ್ತು ಸೆಕೆಂಡಿನೊಳಗೆ ಆರಿಸದಿದ್ದರೆ ಮೊದಲ ಸಾಲಿನವರಿಗೇ ಬಾಗಿಲು. ರಾಯರು ಕನ್ನಡಕವನ್ನು ಪೆಟ್ಟಿಗೆಯಿಂದ ತೆಗೆದು, ಪಂಚೆಯ ಅಂಚಿನಿಂದ ಒರೆಸಿ, ಮೂಗಿನ ಮೇಲೆ ಇಡುವಷ್ಟರಲ್ಲಿ ಆ ಹತ್ತು ಸೆಕೆಂಡು ಮುಗಿದುಹೋಗುತ್ತಿದ್ದಿತು. “ಈ ಜವಾನನಿಗೆ ಹಿರಿಯರು ಕಿರಿಯರು ಎಂಬುದಿಲ್ಲ” ಎಂದು ಗೊಣಗಿಕೊಂಡು ಅವರು ಯಂತ್ರವನ್ನು ಮತ್ತೊಮ್ಮೆ ಏಳಿಸುತ್ತಿದ್ದರು. ಇಷ್ಟನ್ನು ಬಿಟ್ಟರೆ ಬೇರೆ ತೊಂದರೆ ಇರಲಿಲ್ಲ.

ಡಿಸೆಂಬರಿನಲ್ಲಿ ರಾಯರ ತಂಗಿಯ ಮಗ ಒಂದು ಮದುವೆಗೆಂದು ಬಂದು ಎರಡು ದಿನ ಉಳಿದ. ಉಪಕಾರಬುದ್ಧಿಯ ಹುಡುಗ, ಸುಮ್ಮನೆ ಕೂರಲಾರ. ಮಾವನ ಯಂತ್ರ ನಿಧಾನವಾಗಿದೆಯೆಂದು ವಿಂಡೋಸ್ ತೆರೆದು ನೋಡಿದ. ಡಿಸ್ಕಿನಲ್ಲಿ ಹೆಸರಿಲ್ಲದ ಒಂದು ದೊಡ್ಡ ಭಾಗ ಕಂಡಿತು. ವಿಂಡೋಸಿಗೆ ಲಿನಕ್ಸಿನ ಭಾಗವನ್ನು ಓದಲು ಬಾರದಾದ್ದರಿಂದ ಅದು ಹಾಗೆ ಕಾಣುವುದು ಸಹಜವೇ. “ಮಾವ, ಇಷ್ಟು ಜಾಗ ವ್ಯರ್ಥವಾಗಿ ಬಿದ್ದಿದೆಯಲ್ಲ!” ಎಂದವನೇ ಅದನ್ನು ಅಳಿಸಿ, ಕೈ ತೊಳೆದು, ಸಂಜೆಯ ಬಸ್ಸು ಹತ್ತಿದ.

ಮರುದಿನ ಬೆಳಗ್ಗೆ ರಾಯರು ಗುಂಡಿ ಒತ್ತಿದರು. ಪಟ್ಟಿ ಬರಲಿಲ್ಲ. ಕಪ್ಪು ಪರದೆಯ ಮೂಲೆಯಲ್ಲಿ ‘ಗ್ರಬ್’ ಎಂಬ ಹೆಸರು, ಅದರ ಮುಂದೊಂದು ಬಾಣದ ಗುರುತು, ಮಿನುಗುವ ಒಂದು ಗೆರೆ, ಅಷ್ಟೆ. ಆರಿಸಿ ಹೊತ್ತಿಸಿದರು, ಅದೇ. ತಂತಿ ಕಿತ್ತು ಸಿಕ್ಕಿಸಿದರು, ಅದೇ. ಎಷ್ಟೋ ವರ್ಷಗಳ ಶ್ರಮ ಆ ಮಿನುಗುವ ಗೆರೆಯ ಹಿಂದೆ ಎಲ್ಲಿಯೋ ಸಿಕ್ಕಿಬಿದ್ದಿದ್ದಿತು. ಇನ್ನೊಂದು ಪ್ರತಿ ಎಲ್ಲಿಯೂ ಇರಲಿಲ್ಲ. ಅಂದು ಅವರು ಕಾಫಿ ಕುಡಿಯಲಿಲ್ಲ. ಹಜಾರದ ಕುರ್ಚಿಯಲ್ಲಿ ಕುಳಿತು ಉರುಟಣೆಯ ಹಾಡೊಂದರ ಎರಡನೆಯ ಚರಣವನ್ನು ನೆನಪಿಗೆ ತಂದುಕೊಳ್ಳಲು ಯತ್ನಿಸಿದರು. ಬರಲಿಲ್ಲ. ಬರೆದಾಯಿತಲ್ಲ ಎಂಬ ಧೈರ್ಯದಲ್ಲಿ ಮನಸ್ಸು ಅದನ್ನು ಎಂದೋ ಕೈಬಿಟ್ಟಿದ್ದಿತು.

ಹತ್ತು ಗಂಟೆಗೆ ಮೊಮ್ಮಗಳಿಗೆ ಫೋನ್ ಮಾಡಿದರು. ಹುಡುಗಿ ಎಲ್ಲವನ್ನೂ ಕೇಳಿ, “ತಾತ, ಹೆದರಬೇಡಿ. ಬಾಗಿಲು ಕೆಟ್ಟಿದೆಯೇ ಹೊರತು ಮನೆ ಕೆಟ್ಟಿಲ್ಲ. ಯಂತ್ರ ಆರಿಸಿ. ಹೊತ್ತಿಸಿದ ಕೂಡಲೇ ಮೇಲಿನ ಸಾಲಿನ ಎಫ್ 12 ಕೀಲಿಯನ್ನು ಬಿಡದೆ ತಟ್ಟುತ್ತ ಇರಿ” ಎಂದಳು.

ತಟ್ಟಿದರು. ನೀಲಿಯ ಒಂದು ಪುಟ್ಟ ಚೌಕ ಮೂಡಿತು. ಅದರಲ್ಲಿ ಎರಡು ಸಾಲು. ಎರಡನೆಯದು ವಿಂಡೋಸಿನ ಸ್ವಂತ ಬೂಟ್ ಮ್ಯಾನೇಜರ್. ಅದನ್ನು ಆರಿಸಿ ಕೀಲಿ ಒತ್ತಿದೊಡನೆ ಹಳೆಯ ಪರದೆ, ಹಳೆಯ ಚಿತ್ರಗಳು, ಹಳೆಯ ಕಡತ. ರಾಯರು ಉರುಟಣೆಯ ಹಾಡನ್ನು ತೆರೆದು ಎರಡನೆಯ ಚರಣವನ್ನು ಎರಡು ಸಲ ಓದಿದರು. ಫೋನಿನಲ್ಲಿ ಮೊಮ್ಮಗಳು “ತಾತ, ಬಂತೆ?” ಎಂದು ಕೇಳುತ್ತಲೇ ಇದ್ದಳು. ಅವರಿಗೆ ತಕ್ಷಣ ಉತ್ತರ ಕೊಡಲಾಗಲಿಲ್ಲ.

ಲಿನಕ್ಸಿನ ಭಾಗದಲ್ಲಿದ್ದ ಎರಡು ತಿಂಗಳ ಮನೆಯ ಲೆಕ್ಕ ಹೋಗಿದ್ದಿತು. ಅದಕ್ಕೆ ಅವರು ದುಃಖಪಡಲಿಲ್ಲ.

ಸಂಕ್ರಾಂತಿಗೆ ಮೊಮ್ಮಗಳು ಬಂದಳು. ಎಳ್ಳು ಬೀರಿ ಬಂದ ಮೇಲೆ, ಲಿನಕ್ಸನ್ನು ಮತ್ತೆ ಸ್ಥಾಪಿಸುವ ಮಾತೆತ್ತಿದಳು. ರಾಯರು ನೋಟು ಪುಸ್ತಕ ತೆಗೆದು ಎದುರಿಗಿಟ್ಟುಕೊಂಡರು. “ಶಾಲೆಯಲ್ಲಿ ಒಬ್ಬ ಜವಾನನನ್ನು ನೇಮಿಸಬೇಕಾದರೂ ನಾಲ್ಕು ಜನರನ್ನು ಕರೆಸಿ ಮಾತನಾಡಿಸುತ್ತಿದ್ದೆ. ಈ ಸಲ ಯಾರು ಬಂದರೂ ಸರಿ ಎಂದು ಬಾಗಿಲಲ್ಲಿ ನಿಲ್ಲಿಸಲಾರೆ. ಅಭ್ಯರ್ಥಿಗಳು ಯಾರುಯಾರು, ಹೇಳು.”

ಮೊದಲಿಗೆ ಅವಳು ಒಬ್ಬ ಪಿಂಚಣಿದಾರನ ಕಥೆ ಹೇಳಿದಳು. ಹಳೆಯ ಯಂತ್ರಗಳಲ್ಲಿ ಕಾವಲುಗಾರನಿಗೆ ದೊರೆಯುತ್ತಿದ್ದ ಸ್ಥಳ ಡಿಸ್ಕಿನ ಮೊದಲ 512 ಬೈಟುಗಳಷ್ಟೆ. ಅದರಲ್ಲಿ 64 ಬೈಟು ಡಿಸ್ಕಿನ ಭಾಗಗಳ ಪಟ್ಟಿಗೆ, 2 ಬೈಟು ಗುರುತಿನ ಮುದ್ರೆಗೆ. ಉಳಿದ 446ರಲ್ಲಿ ಅವನು ಮೈ ಮುದುರಿಕೊಂಡು ಇರಬೇಕು. ಒಂದು ಕಾರ್ಡಿನ ಬರಹಕ್ಕಿಂತ ಹೆಚ್ಚಿಲ್ಲ. ವರ್ನರ್ ಆಲ್ಮೆಸ್‌ಬರ್ಗರ್ 1992ರಲ್ಲಿ ಬರೆದ ಲೈಲೊ ಆ ಕಾಲದವನು. ಅವನಿಗೆ ಓದುಬರಹ ತಿಳಿಯದು. ಲಿನಕ್ಸ್ ಡಿಸ್ಕಿನ ಯಾವ ಸ್ಥಳದಲ್ಲಿ ಮಲಗಿದೆ ಎಂಬುದನ್ನು ಬಾಯಿಪಾಠ ಮಾಡಿಕೊಂಡಿರುತ್ತಿದ್ದ. ಹೊಸ ಆವೃತ್ತಿ ಬಂದಾಗ ಅವನಿಗೆ ಮರಳಿ ಪಾಠ ಹೇಳದಿದ್ದರೆ ಯಂತ್ರ ಏಳುತ್ತಿರಲಿಲ್ಲ. ಕೆಲವೊಮ್ಮೆ ತನ್ನ ಹೆಸರಿನ ಮೊದಲ ಎರಡು ಅಕ್ಷರ ತೋರಿಸಿ ಅಲ್ಲಿಗೇ ನಿಂತುಬಿಡುವನು. 2015ರ ಕೊನೆಗೆ ಅವನ ಬೆಳವಣಿಗೆಯನ್ನು ನಿಲ್ಲಿಸಲಾಯಿತು.

“ನಿವೃತ್ತರನ್ನು ನೋಯಿಸಬಾರದು. ಮುಂದಿನವನು?” ಎಂದರು ರಾಯರು.

ಮುಂದಿನವನು ಗ್ರಬ್. ಎರಿಕ್ ಬೋಲಿನ್ 1995ರಲ್ಲಿ ಆರಂಭಿಸಿದ ಇದು ಆಮೇಲೆ ಗ್ನೂ ಯೋಜನೆಗೆ ಸೇರಿ, ಹೊಸದಾಗಿ ಬರೆಯಲ್ಪಟ್ಟು, 2012ರಲ್ಲಿ 2.00 ಆವೃತ್ತಿಯಾಗಿ ಹೊರಬಂದಿತು. ಗ್ರಬ್‌ಗೆ ಡಿಸ್ಕಿನ ಕಡತಗಳನ್ನು ಸ್ವತಃ ಓದಲು ಬರುತ್ತದೆ, ಬಾಯಿಪಾಠ ಬೇಡ. ಬಹುಪಾಲು ಲಿನಕ್ಸ್ ವಿತರಣೆಗಳು ಇವನನ್ನೇ ನೆಚ್ಚಿವೆ. ತೊಂದರೆ ಬಂದರೆ ಪರಿಹಾರ ಬಲ್ಲವರು ಊರಿಗೆ ಹತ್ತು ಜನ ಸಿಗುತ್ತಾರೆ. 2012ರಲ್ಲಿ ವಿಂಡೋಸ್ 8ರೊಡನೆ ಮನೆಮನೆಯ ಯಂತ್ರಗಳಿಗೆ ಬಂದ ಸೆಕ್ಯೂರ್ ಬೂಟ್ ಎಂಬ ಕಟ್ಟಳೆಯ ಪ್ರಕಾರ, ಸಹಿಯಿಲ್ಲದ ಕಾವಲುಗಾರನನ್ನು ಯಂತ್ರ ಒಳಗೆ ಬಿಡದು. ಪ್ರಮುಖ ವಿತರಣೆಗಳು ಗ್ರಬ್‌ಗೆ ಆ ಸಹಿಯನ್ನು ಮೊದಲೇ ಹಾಕಿಸಿಕೊಟ್ಟಿವೆ. 2021ರ 2.06 ಆವೃತ್ತಿಯಿಂದ ಮಾತ್ರ ಇತರ ವ್ಯವಸ್ಥೆಗಳನ್ನು ತಾನಾಗಿ ಹುಡುಕುವ ಅಭ್ಯಾಸವನ್ನು ಭದ್ರತೆಯ ದೃಷ್ಟಿಯಿಂದ ಬಿಡಿಸಲಾಗಿದೆ. ಬೇಕೆಂದವರು ಒಂದು ಸಾಲು ಬರೆದು ಮರಳಿ ಅನುಮತಿ ಕೊಡಬೇಕು. ದೋಷವೆಂದರೆ, ಅವನ ಲೆಕ್ಕದ ಪುಸ್ತಕ ಇರುವುದು ಸಾಮಾನ್ಯವಾಗಿ ಲಿನಕ್ಸಿನ ಬಿಡಾರದೊಳಗೆ.

ಮೂರನೆಯವನು ಸಿಸ್ಟಮ್‌ಡಿ-ಬೂಟ್. ಮೊದಲು ಗಮ್ಮಿಬೂಟ್ ಎಂಬ ಹೆಸರಿನಲ್ಲಿದ್ದು 2015ರಲ್ಲಿ ಸಿಸ್ಟಮ್‌ಡಿ ಮನೆತನಕ್ಕೆ ಸೇರಿದವನು. ಮಿತಭಾಷಿ, ಚುರುಕು, ಪಕ್ಕದಲ್ಲಿರುವ ವಿಂಡೋಸನ್ನು ತಾನಾಗಿ ಗುರುತಿಸುತ್ತಾನೆ. ಆದರೆ ಲಿನಕ್ಸಿನ ತಿರುಳನ್ನೇ ತನ್ನ ಪಡಸಾಲೆಯಲ್ಲಿ ತಂದಿಡಬೇಕೆನ್ನುತ್ತಾನೆ. ರಾಯರ ಯಂತ್ರದಲ್ಲಿ ಕಾವಲುಗಾರರ ಪಡಸಾಲೆ 100 ಮೆಗಾಬೈಟಿನದು. ಅದರಲ್ಲಿ ಆ ಮೂಟೆ ಹಿಡಿಸದು.

ನಾಲ್ಕನೆಯವನು ವಿಂಡೋಸಿನ ಸ್ವಂತ ಬೂಟ್ ಮ್ಯಾನೇಜರ್. ತನ್ನ ಮನೆಯವರ ವಿಷಯದಲ್ಲಿ ನಿಷ್ಠಾವಂತ. ನೆರೆಯವರ ಪರಿಚಯ ಮಾಡಿಕೊಳ್ಳುವ ಆಸಕ್ತಿಯಿಲ್ಲ.

ಐದನೆಯವನು ರಿಫೈಂಡ್. ಆಪಲ್ ಯಂತ್ರಗಳಿಗೆಂದು ಹುಟ್ಟಿದ್ದ ರಿಫಿಟ್ ಎಂಬುದರ ಆಧಾರದ ಮೇಲೆ ರಾಡರಿಕ್ ಸ್ಮಿತ್ 2012ರಲ್ಲಿ ಬೆಳೆಸಿದ್ದು. ಇವನು ಹಳೆಯ ಪಟ್ಟಿಯನ್ನು ನೆಚ್ಚುವುದಿಲ್ಲ. ಯಂತ್ರ ಎದ್ದಾಗಲೆಲ್ಲ ಡಿಸ್ಕಿನಲ್ಲೆಲ್ಲ ಒಮ್ಮೆ ಕಣ್ಣಾಡಿಸಿ, ಇಂದು ಮನೆಯಲ್ಲಿ ಯಾರುಯಾರಿದ್ದಾರೆ ಎಂದು ನೋಡಿ, ಅವರ ಚಿತ್ರಗಳನ್ನು ದೊಡ್ಡದಾಗಿ ಸಾಲಿಟ್ಟು ತೋರಿಸುತ್ತಾನೆ. ಅವನ ಸಾಮಾನೆಲ್ಲ ಪಡಸಾಲೆಯಲ್ಲಿಯೇ. ಯಾವ ಬಿಡಾರದ ಹಂಗೂ ಇಲ್ಲ. ಕೊರತೆಯೆಂದರೆ, ಸೆಕ್ಯೂರ್ ಬೂಟಿನ ಮುಂದೆ ಅವನ ಗುರುತಿನ ಚೀಟಿಯನ್ನು ನಾವೇ ನೋಂದಾಯಿಸಬೇಕು. ಹಳೆಯ ಕಾಲದ ಯಂತ್ರಗಳಲ್ಲಿ ಅವನು ದುಡಿಯಲಾರ; ಆದರೆ ರಾಯರ ಯಂತ್ರ ಹೊಸ ಪದ್ಧತಿಯದೇ.

ರಾಯರು ಬರೆದುಕೊಂಡುದನ್ನು ಒಮ್ಮೆ ಓದಿ, ಪೆನ್ನು ಕೆಳಗಿಟ್ಟರು. “ಒಂದು ಪ್ರಶ್ನೆ. ಡಿಸೆಂಬರಿನಲ್ಲಿ ವಿಂಡೋಸಿನ ಕಾವಲುಗಾರ ಒಳಗೇ ಇದ್ದ. ಗ್ರಬ್ ಕೈಬಿಟ್ಟಾಗ ಅವನೇಕೆ ಎದ್ದು ಬರಲಿಲ್ಲ?”

ಹುಡುಗಿ ಒಂದು ಕ್ಷಣ ಯೋಚಿಸಿದಳು. “ಯಂತ್ರದ ಚಿಪ್ಪಿನಲ್ಲಿ ಕಾವಲುಗಾರರ ಸರದಿಯ ಪಟ್ಟಿಯೊಂದಿದೆ, ತಾತ. ಮೊದಲನೆಯವನು ಇಲ್ಲದಿದ್ದರೆ ಎರಡನೆಯವನನ್ನು ಕರೆಯುತ್ತದೆ. ಆದರೆ ಗ್ರಬ್ ಇಲ್ಲವಾಗಿರಲಿಲ್ಲ. ಕರೆದ ಕೂಡಲೇ ಎದ್ದು ಬಂದ. ಬಂದ ಮೇಲೆ ನೋಡಿದರೆ ಲೆಕ್ಕದ ಪುಸ್ತಕ ಕಳೆದಿದ್ದಿತು. ಮುಂದೇನು ಮಾಡಬೇಕೆಂದು ನಿಮ್ಮನ್ನೇ ಕೇಳುತ್ತ ನಿಂತ.”

“ಅಂದರೆ, ಸತ್ತಿದ್ದರೆ ಇನ್ನೊಬ್ಬ ಬರುತ್ತಿದ್ದ. ಬದುಕಿದ್ದು ಮರೆತುದರಿಂದ ಬಾಗಿಲು ಮುಚ್ಚಿತು.”

“ಹೌದು ತಾತ.”

ರಾಯರು ಬಹಳ ಹೊತ್ತು ಮಾತನಾಡಲಿಲ್ಲ. ವೈಕುಂಠದ ಬಾಗಿಲಲ್ಲಿದ್ದ ಜಯವಿಜಯರೂ ಕರ್ತವ್ಯಲೋಪ ಮಾಡಿದವರಲ್ಲ. ಬಂದವರು ಯಾರೆಂದು ತಿಳಿಯದೆ ಸನಕಾದಿಗಳನ್ನು ತಡೆದವರು. ಕಾವಲುಗಾರ ಎಷ್ಟು ಬಲ್ಲವನು, ಎಷ್ಟು ಚೆಲುವ ಎಂಬುದು ದೊಡ್ಡ ಮಾತಲ್ಲ. ಅವನಿಗೆ ಮರೆವು ಬಂದ ದಿನ ಮನೆಯವರಿಗೆ ಏನು ಗತಿ ಎಂಬುದೇ ಮಾತು.

“ನನ್ನ ಪರೀಕ್ಷೆ ಇಷ್ಟೆ ಮಗು. ನೀನು ಇಲ್ಲದ ದಿನ, ಫೋನೂ ಸಿಗದ ದಿನ, ಇವನು ಬಿದ್ದರೆ ನಾನೊಬ್ಬನೇ ಒಳಗೆ ಹೋಗಬಲ್ಲೆನೆ?”

ಆ ಪರೀಕ್ಷೆಯಲ್ಲಿ ಕಾವಲುಗಾರರೆಲ್ಲರೂ ಸಮಾನರಾದರು. ಏಕೆಂದರೆ ಎಫ್ 12ರ ಹಿತ್ತಿಲ ಬಾಗಿಲು ಅವರಾರಿಗೂ ಸೇರಿದ್ದಲ್ಲ, ಯಂತ್ರದ ಚಿಪ್ಪಿಗೆ ಸೇರಿದ್ದು. ಬೇರೆ ಬೇರೆ ತಯಾರಕರ ಯಂತ್ರಗಳಲ್ಲಿ ಆ ಕೀಲಿ ಬೇರೆಯಾದರೂ ಇಂಥದೊಂದು ಬಾಗಿಲು ಸಾಮಾನ್ಯವಾಗಿ ಇದ್ದೇ ಇರುತ್ತದೆ. ರಾಯರು ಮೊಮ್ಮಗಳನ್ನು ಅಂಗಳಕ್ಕೆ ಕಳುಹಿಸಿ, ಒಬ್ಬರೇ ಕುಳಿತು, ಯಂತ್ರವನ್ನು ಆರಿಸಿ ಹೊತ್ತಿಸಿ ಹಿತ್ತಿಲ ಬಾಗಿಲಿನಿಂದ ಮೂರು ಸಲ ಒಳಗೆ ಹೋಗಿ ಬಂದರು. ಮೂರನೆಯ ಸಲ ಕೈ ನಡುಗಲಿಲ್ಲ. ಅನಂತರ ಒಂದು ರಟ್ಟಿನ ಚೂರಿನ ಮೇಲೆ “ಬಾಗಿಲು ತೆರೆಯದಿದ್ದರೆ: ಆರಿಸು, ಹೊತ್ತಿಸು, ಎಫ್ 12, ವಿಂಡೋಸ್” ಎಂದು ದಪ್ಪಕ್ಷರದಲ್ಲಿ ಬರೆದು ಯಂತ್ರದ ಪಕ್ಕಕ್ಕೆ ಅಂಟಿಸಿದರು.

ಹಿತ್ತಿಲು ಭದ್ರವಾದ ಮೇಲೆ ತಲೆಬಾಗಿಲಿನ ಆಯ್ಕೆ ಹಗುರವಾಯಿತು. ಮೊಮ್ಮಗಳ ಒಲವು ಗ್ರಬ್‌ನ ಕಡೆಗಿದ್ದಿತು. ಎಲ್ಲರೂ ಬಲ್ಲವನು, ತಾನೂ ಬಲ್ಲವನು. ರಾಯರು ರಿಫೈಂಡನ್ನು ಆರಿಸಿದರು. ಅವರು ಕೊಟ್ಟ ಕಾರಣ ಒಂದೇ: “ಪ್ರತಿದಿನ ಮನೆಯಲ್ಲಿ ಯಾರಿದ್ದಾರೆಂದು ನೋಡುವವನು, ಒಬ್ಬರು ಬಿಟ್ಟುಹೋದರೂ ಉಳಿದವರನ್ನು ಮರೆಯಲಾರ.” ಹುಡುಗಿ ಆ ಮಾತಿಗೆ ಏನೂ ಹೇಳಲಿಲ್ಲ. ಲಿನಕ್ಸ್ ಸ್ಥಾಪಿಸಿ, ಗ್ರಬ್ಬನ್ನೂ ತೆಗೆಯದೆ ಸರದಿಯಲ್ಲಿ ಹಿಂದಕ್ಕೆ ನಿಲ್ಲಿಸಿ, ರಿಫೈಂಡ್‌ನ ಗುರುತಿನ ಚೀಟಿಯನ್ನು ನೋಂದಾಯಿಸಿದಳು.

ಕಡೆಗೆ ಕಾಯುವ ಹೊತ್ತಿನ ಪ್ರಶ್ನೆ ಬಂದಿತು. ರಿಫೈಂಡ್ ಸಾಮಾನ್ಯವಾಗಿ 20 ಸೆಕೆಂಡು ಕಾಯುತ್ತದೆ. ಅದನ್ನು ಸೊನ್ನೆ ಮಾಡಿದರೆ ಆರಿಸುವ ತನಕ ಎಷ್ಟು ಹೊತ್ತಾದರೂ ಕಾಯುತ್ತದೆ. ಗ್ರಬ್‌ನಲ್ಲಿ ಇದಕ್ಕೆ ತದ್ವಿರುದ್ಧ: ಅಲ್ಲಿ ಸೊನ್ನೆಯೆಂದರೆ ಕ್ಷಣವೂ ನಿಲ್ಲಬೇಡ ಎಂದರ್ಥ, ಎಷ್ಟು ಹೊತ್ತಾದರೂ ಕಾಯಬೇಕಾದರೆ ಋಣ ಒಂದು ಎಂದು ಬರೆಯಬೇಕು. “ಒಂದೇ ಉದ್ಯೋಗ, ಒಂದೇ ಅಂಕಿ, ಎರಡು ಅರ್ಥ!” ಎಂದು ರಾಯರು ನಕ್ಕರು. ಸೊನ್ನೆಯನ್ನು ತಾವೇ ಬರೆದರು.

ಹಬ್ಬದ ಮರುವಾರ ತಂಗಿಯ ಮಗ ಬಂದ. ನಡೆದುದನ್ನು ಕೇಳಿ ತಲೆ ತಗ್ಗಿಸಿ ನಿಂತಿದ್ದ. ರಾಯರು ಅವನನ್ನು ಬಯ್ಯಲಿಲ್ಲ. ಮೇಜಿನ ಖಾನೆಯಿಂದ ಎರಡು ಪೆನ್ ಡ್ರೈವ್‌ಗಳನ್ನು ತೆಗೆದು, ಒಂದನ್ನು ಅವನ ಕೈಗೆ ಕೊಟ್ಟರು. “ಇದರಲ್ಲಿ ನಿನ್ನ ಅತ್ತೆಯ ಹಾಡುಗಳಿವೆ. ಒಂದು ಪ್ರತಿ ಬೆಂಗಳೂರಿಗೆ ಹೋಗುತ್ತದೆ. ಇದು ನಿಮ್ಮ ಮನೆಯಲ್ಲಿರಲಿ. ಯಾವ ಕಾವಲುಗಾರನೇ ಇರಲಿ, ಒಡವೆಯನ್ನೆಲ್ಲ ಒಂದೇ ಮನೆಯಲ್ಲಿ ಇಡಬಾರದು.” ಹುಡುಗ ಅದನ್ನು ಕಣ್ಣಿಗೊತ್ತಿಕೊಂಡು ಅಂಗಿಯ ಒಳಜೇಬಿಗೆ ಹಾಕಿಕೊಂಡ.

ಈಗ ಬೆಳಗ್ಗೆ ಯಂತ್ರ ಹೊತ್ತಿಕೊಂಡಾಗ ಪರದೆಯ ಮೇಲೆ ಚಿತ್ರಗಳು ಸಾಲಾಗಿ ಮೂಡಿ ನಿಲ್ಲುತ್ತವೆ. ರಾಯರು ಕನ್ನಡಕದ ಪೆಟ್ಟಿಗೆ ತೆರೆಯುತ್ತಾರೆ, ಪಂಚೆಯ ಅಂಚಿನಿಂದ ಗಾಜನ್ನು ಒರೆಸುತ್ತಾರೆ. ಕಾವಲುಗಾರ ಕಾಯುತ್ತಾನೆ. ಇತ್ತೀಚೆಗೆ ಅವರು ದಿನಕ್ಕೊಂದು ಹಾಡಿನಂತೆ ಯೂನಿಕೋಡಿಗೆ ಬದಲಾಯಿಸಿ, ಒತ್ತು ದೀರ್ಘಗಳನ್ನು ತಿದ್ದುತ್ತಿದ್ದಾರೆ. ‘ಬಾರೇ’ ಎಂಬುದು ‘ಬಾರೆ’ ಆಗಿದ್ದರೆ ಅಲ್ಲಿ ನಿಂತು, ಆಕೆ ಹೇಳಿದಂತೆ ಎಳೆಯುತ್ತಾರೆ.